ಎರಡರಿಂದ ನಾಲ್ಕರ ನಡುಕ

ಒಂದು ಪಟ್ಟಿಯ ಕಣ್ಣಿಗೆ ಮಣ್ಣೆರಚುವುದು ನನ್ನಂಥ ಟೈಲರಿಗೆ ಯಾವ ಲೆಕ್ಕ? ಮೂವತ್ತು ವರ್ಷ ಜನರ ಹೊಟ್ಟೆಗಳನ್ನೇ ಕೋಟಿನೊಳಗೆ ಮುಚ್ಚಿಟ್ಟವನು ನಾನು. ನನ್ನ ಕೈನಡುಕವನ್ನು ಮುಚ್ಚಿಡಲಾರೆನೇ?

ಪಟ್ಟಿ ಎಂದರೆ ಗಡಿಯಾರದ ಹಾಗೆ ಮಣಿಕಟ್ಟಿಗೆ ಕಟ್ಟುವ ಸೆನ್ಸರ್. ನನಗೆ ಪಾರ್ಕಿನ್ಸನ್ ಬಂದು ಎರಡು ವರ್ಷ. ಆದರೂ ಇಂದಿನವರೆಗೆ ಒಬ್ಬ ಗಿರಾಕಿಯೂ ಹೊಲಿಗೆ ಸೊಟ್ಟ ಎಂದಿಲ್ಲ! ಡಾಕ್ಟರಮ್ಮ ಪಟ್ಟಿಯನ್ನು ಬಲಗೈಗೆ ಕಟ್ಟಿ, ಕೈ ಯಾವಾಗ ನಡುಗುತ್ತದೆ, ಯಾವಾಗ ನಿಧಾನವಾಗುತ್ತದೆ ಎಲ್ಲ ಇದೇ ಬರೆದುಕೊಳ್ಳುತ್ತದೆ, ಒಂದು ವಾರ ಬಿಚ್ಚಬೇಡಿ ಎಂದರು. ನಡುಕ ಹೆಚ್ಚಿದ್ದರೆ ಕತ್ತರಿ, ಮಷಿನ್ ಬಿಡಬೇಕಾಗಬಹುದು ಎಂದೂ ಸೇರಿಸಿದರು. ಆ ಮಾತಿಗೆ ನನ್ನ ಕೈಗಿಂತ ಎದೆಯೇ ಹೆಚ್ಚು ನಡುಗಿತು. ಅಂಗಡಿ ಇಲ್ಲದ ನಾನು ಯಾರು? ಮನೆಯಲ್ಲಿ ಕಸ ಗುಡಿಸುವಾಗ ಕಾಲೆತ್ತಿ ಕೂರುವ ಗಂಡಸು, ಅಷ್ಟೇ.

ಬೆಳಗ್ಗೆಯ ಮಾತ್ರೆಯ ಶಕ್ತಿ ಮಧ್ಯಾಹ್ನ ಎರಡಕ್ಕೆ ಇಳಿಯುತ್ತದೆ, ಕೈ ಕುಣಿಯತೊಡಗುತ್ತದೆ. ಮುಂದಿನ ಮಾತ್ರೆ ಹತ್ತುವವರೆಗೆ, ಅಂದರೆ ನಾಲ್ಕರವರೆಗೆ, ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗುತ್ತೇನೆ. ಮುಂದೆ ಹೆಂಡತಿ ಕೂತಿರುತ್ತಾಳೆ. ಆ ಎರಡು ಗಂಟೆ ಪಟ್ಟಿಯನ್ನು ಅವಳ ಕೈಗೆ ಕಟ್ಟಿದರೆ ಹೇಗೆ ಎಂದು ಹೊಳೆಯಿತು.

"ಇದು ತಪ್ಪಲ್ವಾ?" ಎಂದಳು.

"ಗಂಡನ ಕೈ ಹಿಡಿದವಳು ಗಂಡನ ಪಟ್ಟಿ ಕಟ್ಕೊಂಡ್ರೆ ಏನು ತಪ್ಪು?" ಎಂದೆ.

ಏನೋ ಹೇಳಲು ಬಾಯಿ ತೆರೆದವಳು ಸುಮ್ಮನೆ ಕೈ ಚಾಚಿದಳು. ಏಳು ದಿನವೂ ಹೀಗೇ ನಡೆಯಿತು. ಎಂಟನೆಯ ದಿನ ಅವಳೊಂದಿಗೆ ಎದೆಯುಬ್ಬಿಸಿಕೊಂಡು ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ಕಂಪ್ಯೂಟರ್ ತಿರುಗಿಸಿ ತೋರಿಸಿದರು. ಬೆಳಗಿನ ಗೆರೆ ಪರವಾಗಿಲ್ಲ. ಎರಡರಿಂದ ನಾಲ್ಕರವರೆಗೆ ಮಾತ್ರ ಗರಗಸದ ಹಲ್ಲು!

"ಈ ಹೊತ್ತಲ್ಲಿ ಕೈ ಒಂದು ನಿಮಿಷವೂ ನಿಂತಿಲ್ಲ. ಮಾತ್ರೆ ಜಾಸ್ತಿ ಮಾಡ್ಬೇಕು. ಅಂಗಡಿ ವಿಚಾರನೂ ಯೋಚನೆ ಮಾಡಿ."

ನಾನು ಕುರ್ಚಿಯಿಂದ ಎದ್ದು ನಿಂತೆ. ಅಂಗಡಿ ಹೋಯಿತೆಂದಲ್ಲ. ಆ ಕೈ ಅವಳದು! ನನ್ನ ಕಾಯಿಲೆ ಅವಳಿಗೂ ಅಂಟಿತೇ? ಅಂಟುವ ಕಾಯಿಲೆಯಲ್ಲ ಎಂದು ಇದೇ ಡಾಕ್ಟರಮ್ಮ ಎಷ್ಟು ಸಲ ಹೇಳಿದ್ದರೋ, ಹೆದರಿದವನಿಗೆ ಅದೆಲ್ಲ ಎಲ್ಲಿ ನೆನಪಿರುತ್ತದೆ? ದಿನವೂ ನನ್ನ ಅಂಗಿಯ ಗುಂಡಿ ಹಾಕುವವಳು ಅವಳು. ಅವಳ ಬೆರಳೂ ಹೀಗಾದರೆ?

ಮಾನ ಮರ್ಯಾದೆ ಮೂಟೆ ಕಟ್ಟಿ ಮೂಲೆಗಿಟ್ಟೆ.

"ಅದು ನನ್ನ ಕೈ ಅಲ್ಲ ಡಾಕ್ಟ್ರೇ, ಇವಳದು. ಮೊದಲು ಇವಳನ್ನ ನೋಡಿ."

ಡಾಕ್ಟರಮ್ಮ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿ, ಅವಳ ಕೈ ಚಾಚಿಸಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಮಿಸುಕಲಿಲ್ಲ. ನಾನು ಮತ್ತೆ ಉಸಿರಾಡಿದೆ. ಎರಡರಿಂದ ನಾಲ್ಕರವರೆಗೆ ಏನು ಮಾಡುತ್ತಿರುತ್ತೀರಿ ಎಂದು ಅವಳನ್ನು ಕೇಳಿದರು.

ಅವಳು ತಲೆ ತಗ್ಗಿಸಿದಳು.

"ಬೆಳಗ್ಗೆ ಇವರು ಹೊಲಿದಿದ್ದನ್ನ ಬಿಚ್ತೀನಿ. ಆಮೇಲೆ ನೆಟ್ಟಗೆ ಕೈಹೊಲಿಗೆ ಹಾಕ್ತೀನಿ. ಮಷಿನ್ ತುಳಿದ್ರೆ ಇವರಿಗೆ ಎಚ್ಚರ ಆಗುತ್ತಲ್ಲ."

"ಎಷ್ಟು ದಿನದಿಂದ?" ಎಂದೆ.

"ಎರಡು ವರ್ಷ."

ಹಾಗಾದರೆ ಅಂಗಡಿ ಮುಚ್ಚಬೇಕೇ ಎಂದು ಮೆಲ್ಲಗೆ ಕೇಳಿದೆ.

ಡಾಕ್ಟರಮ್ಮ ಪಟ್ಟಿಯನ್ನು ಮತ್ತೆ ನನ್ನ ಕೈಗೆ ಬಿಗಿದು, ನನ್ನ ಹೆಂಡತಿಯ ಕಡೆ ನೋಡಿ ನಕ್ಕರು.

"ಯಾಕೆ ಮುಚ್ಬೇಕು? ಟೈಲರ್ ಕೈ ಚೆನ್ನಾಗೇ ಇದೆಯಲ್ಲ."