ಹುತ್ತದ ಮಣ್ಣು, ಕುಂಡದ ಅರಳಿ

ದೇವರಿಗೆ ಹೆದರದವನು ಬೇರೆ ಯಾವುದಕ್ಕೂ ಹೆದರುವುದಿಲ್ಲ ಎಂದು ಜನ ತಿಳಿದಿದ್ದಾರೆ. ಅದು ತಪ್ಪು. ದೇವರಿಗೆ ಹೆದರುವವರ ಹೆದರಿಕೆಗೆ ಒಂದು ವಿಳಾಸವಿರುತ್ತದೆ. ಅಲ್ಲಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದು, ಉಂಡು ಹಾಯಾಗಿ ಮಲಗುತ್ತಾರೆ. ನನ್ನಂಥವನ ಹೆದರಿಕೆಗೆ ಹೋಗಲು ಜಾಗವಿಲ್ಲ; ಅದು ಮನೆಯೊಳಗೇ ಅಡ್ಡಾಡಿಕೊಂಡಿರುತ್ತದೆ.

ವಿಶ್ವವಿದ್ಯಾಲಯದಲ್ಲಿ ನಾನು ಓದಿದ್ದು ತತ್ತ್ವಶಾಸ್ತ್ರ. ಎಲ್ಲವನ್ನೂ ಸಂಶಯಿಸಬೇಕು ಎಂದು ಅಲ್ಲಿ ಕಲಿಸಿದರು. ಸಾಗರದ ಕಾಲೇಜಿನಲ್ಲಿ ಹುಡುಗರಿಗೆ ನಾನೂ ಅದನ್ನೇ ಹೇಳುತ್ತಾ ಬಂದೆ. ದೇವರು, ಜಾತಕ, ಶಕುನ ಎಲ್ಲವೂ ಮುಗಿದ ಮೇಲೆ ಸಂಶಯಕ್ಕೆ ಬೇರೆ ಕೆಲಸವಿಲ್ಲದೆ, ಅದು ನನ್ನ ನೆನಪಿನ ಮೇಲೇ ಬಿತ್ತು. ಗ್ಯಾಸ್ ಆರಿಸಿದೆನೇ ಎಂದು ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದು ನೋಡುತ್ತೇನೆ. ಮತ್ತೆ ಬಸ್‌ಸ್ಟ್ಯಾಂಡು ತಲುಪುವಷ್ಟರಲ್ಲಿ, ನೋಡಿದ್ದು ಇವತ್ತೋ ನಿನ್ನೆಯೋ ಎಂಬ ಅನುಮಾನ. ಇಂಥವನ ಕೈಗೆ ನನ್ನ ಹೆಂಡತಿ ಶಾರದೆ ತನ್ನ ಅರಳಿಮರವನ್ನು ಒಪ್ಪಿಸಿ ಹೋದಳು.

ಅರಳಿಮರವೆಂದರೆ ಕಟ್ಟೆಯ ಮೇಲಿನದಲ್ಲ, ಕುಂಡದಲ್ಲಿ ಕುಳ್ಳಗೆ ಬೆಳೆಸಿದ ಬೋನ್ಸಾಯ್. ಎತ್ತರ ನನ್ನ ಮೊಣಕಾಲಿಗೂ ಬರುವುದಿಲ್ಲ. ಮೇಗರವಳ್ಳಿಯ ತವರಿನಲ್ಲಿ ಬಾವಿಯ ಗೋಡೆಯ ಬಿರುಕಿನಲ್ಲಿ ಹುಟ್ಟಿದ್ದನ್ನು ಅವಳ ಅಪ್ಪ ಬೇರುಸಹಿತ ಬಿಡಿಸಿ, ತೆಂಗಿನ ಚಿಪ್ಪಿನಲ್ಲಿಟ್ಟು ಕೊಟ್ಟಿದ್ದರು. ಮಾವನವರು ಈಗಿಲ್ಲ. ಮರ ನಮ್ಮ ಜಗಲಿಯಲ್ಲಿ ಸ್ಟೂಲಿನ ಮೇಲಿದೆ. ಅತ್ತೆ ಬಂದಾಗ ಬೆಳಿಗ್ಗೆ ಮಿಂದು ಅದಕ್ಕೆ ಪ್ರದಕ್ಷಿಣೆ ಬರುತ್ತಾರೆ. ಸ್ಟೂಲು ಚಿಕ್ಕದಾದ್ದರಿಂದ ಮೂರನೆಯ ಸುತ್ತಿಗೇ ತಲೆತಿರುಗಿ ಕುರ್ಚಿ ಹಿಡಿದುಕೊಳ್ಳುತ್ತಾರೆ. ಶಾರದೆ ಸುತ್ತುವುದಿಲ್ಲ. ಆದರೆ ಎಲೆಯ ಮೇಲಿನ ಧೂಳು ಒರೆಸುವಾಗ ಅವಳ ಮುಖ ನೋಡಿದರೆ, ಆ ಮರಕ್ಕೇನಾದರೂ ಆದ ದಿನ ನಾನು ಈ ಮನೆಯಲ್ಲಿರಬಾರದು ಎಂದು ಯಾರಿಗಾದರೂ ತಿಳಿಯುತ್ತದೆ.

ಬೋನ್ಸಾಯ್‌ಗೆ ಮುಖ್ಯವಾದದ್ದು ಮಣ್ಣು. ಪುಸ್ತಕಗಳೆಲ್ಲ ತೇವ ಹಿಡಿಯುವ ಮಣ್ಣು ಹಾಕಿ ಎನ್ನುತ್ತವೆ. ಶಾರದೆಗೆ ಆ ಪುಸ್ತಕಗಳ ಬಗ್ಗೆ ಗೌರವವಿಲ್ಲ. "ಅದನ್ನ ಬರೆದೋರು ನಮ್ಮ ಜುಲೈ ನೋಡಿದಾರಾ? ಇಲ್ಲಿ ಗಿಡ ನೀರಿಲ್ದೆ ಸಾಯಲ್ಲ, ಮುಳುಗಿ ಸಾಯ್ತದೆ" ಎನ್ನುತ್ತಾಳೆ. ಬೇಸಿಗೆಯಿಡೀ ಕೂತು ಜಂಬಿಟ್ಟಿಗೆ ಕಲ್ಲಿನ ಚೂರುಗಳನ್ನು ಕುಟ್ಟಿ, ಜರಡಿ ಹಿಡಿದು, ಧೂಳು ತೆಗೆದು, ಕಡಲೆಕಾಳಿನ ಗಾತ್ರದ ಹರಳುಗಳನ್ನಷ್ಟೇ ಚೀಲಕ್ಕೆ ತುಂಬಿಟ್ಟಿದ್ದಳು. ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಅಕ್ಕನ ಫೋನು ಬಂತು, ಮಗಳ ಬಾಣಂತನಕ್ಕೆ ಬಾ ಎಂದು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಶಾರದೆ ಹೇಳಿದಳು: "ಮಳೆ ಹಿಡಿಯೋದ್ರೊಳಗೆ ಅರಳಿ ಮಣ್ಣು ಬದಲಿಸಿ. ಹರಳು ಎರಡು ಪಾಲು, ಎಲೆಗೊಬ್ಬರ ಒಂದು ಪಾಲು. ಬೇರೆ ಎಂತದೂ ಹಾಕ್ಬೇಡಿ."

ಅಥವಾ ಗೊಬ್ಬರ ಎರಡು ಪಾಲು, ಹರಳು ಒಂದು ಎಂದಳೋ. ಬಸ್ಸು ತಿರುವಿನಲ್ಲಿ ಮರೆಯಾಗುವ ಮೊದಲೇ ನನಗೆ ಅನುಮಾನ ಹತ್ತಿತು. ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಬರುವ ಉತ್ತರದ ಧ್ವನಿ ನನಗೆ ಬಾಯಿಪಾಠವಾಗಿತ್ತು. ಆದ್ದರಿಂದ ಕಾಲೇಜಿನಲ್ಲಿ ಮಂಜಪ್ಪನನ್ನು ಕೇಳಿದೆ. ಮಂಜಪ್ಪ ಹೊಸನಗರದ ಕಡೆಯವನು, ಇತಿಹಾಸ ಪಾಠ ಮಾಡುತ್ತಾನೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾನೆ.

"ಎಂಥ ಸಾವು ಮಾರಾಯ್ರೆ! ಬರೀ ಕಲ್ಲಲ್ಲಿ ಗಿಡ ಬದುಕ್ತದಾ? ಹುತ್ತದ ಮಣ್ಣು ಹಾಕಿ. ಬಂಗಾರ ಅದು."

"ಹುತ್ತದ್ದಾ?"

"ಯಾಕೆ, ಹೆದ್ರಿಕೆಯಾ? ನೀವು ನಾಸ್ತಿಕರಲ್ವಾ?"

ಈ ಕೊನೆಯ ಮಾತು ಇಲ್ಲದಿದ್ದರೆ ನಾನು ಸುಮ್ಮನಿರುತ್ತಿದ್ದೆನೇನೋ. ಅಂದೇ ಸಂಜೆ ಸ್ಕೂಟರಿನಲ್ಲಿ ರಿಪ್ಪನ್‌ಪೇಟೆ ದಾರಿ ಹಿಡಿದು, ರಸ್ತೆಬದಿಯಲ್ಲಿ ಕಂಡ ಒಂದು ಹುತ್ತದ ಪಕ್ಕೆಯಿಂದ ಅವಸರವಾಗಿ ಅಗೆದು ಚೀಲಕ್ಕೆ ತುಂಬಿ ತಂದೆ. ಅರಳಿಯ ಬೇರು ಕತ್ತರಿಸಿ, ಹರಳಿನ ಜೊತೆ ಧಾರಾಳವಾಗಿ ಆ ಮಣ್ಣು ಬೆರೆಸಿ ಕುಂಡ ತುಂಬಿಸಿದೆ.

ಕೈ ತೊಳೆಯುವಾಗ ಅನುಮಾನ ಶುರುವಾಯಿತು. ಆ ಹುತ್ತದ ಮೇಲೆ ಕುಂಕುಮ ಇತ್ತೇ? ಕೆಂಪು ಕಂಡ ನೆನಪಿದೆ. ಆದರೆ ನಮ್ಮ ಕಡೆ ಮಣ್ಣೇ ಕೆಂಪು. ಅರಿಸಿನ? ಸಂಜೆಬಿಸಿಲಿನಲ್ಲಿ ಎಲ್ಲವೂ ಹಳದಿಯೇ. ಪೂಜೆಯ ಹುತ್ತವಾಗಿದ್ದರೂ ನನಗೇನು, ನಾನು ನಂಬುವವನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಳ್ಳುತ್ತಿದ್ದಾಗಲೇ ಅಂಗಳದಲ್ಲಿ ಸುರುಳಿ ಸುತ್ತಿದ್ದ ನೀರಿನ ಪೈಪು ಕಂಡು ಜಗಲಿಗೆ ಹಾರಿದೆ.

ಮಾರನೆಯ ದಿನದಿಂದ ಎಲೆ ಉದುರತೊಡಗಿತು. ಗಾಳಿಯಿಲ್ಲ, ಯಾರೂ ಮುಟ್ಟಿಲ್ಲ, ನಾನು ಪೇಪರು ಓದುತ್ತಿರುವಾಗ ಪಕ್ಕದಲ್ಲಿ ಟಪ್ಪೆಂದು ಒಂದು ಎಲೆ. ನೀರು ಹಾಕಿದರೆ ಅದು ಮಣ್ಣಿನ ಮೇಲೆ ಕೆರೆಯಂತೆ ನಿಂತು ನನ್ನ ಮುಖವನ್ನೇ ತೋರಿಸುತ್ತಿತ್ತು. ಕೊನೆಗೆ ಶಾರದೆಗೆ ಫೋನು ಮಾಡಿ, ಮಣ್ಣು ಬದಲಿಸಿದ್ದನ್ನು ಮಾತ್ರ ಹೇಳಿ, "ಎಲೆ ಉದುರ್ತಾ ಇದೆ" ಎಂದೆ.

"ಬೇರು ಕತ್ತರಿಸಿದ್ರೆ ಅರಳಿ ಎಲೆ ಉದುರಿಸ್ತದೆ. ನೀರು ನಿಲ್ತದಾ?"

"ಸ್ವಲ್ಪ."

ಅವಳ ಹಿಂದೆ ಮಗು ಅಳುತ್ತಿತ್ತು. ಅವಳು ಮೆಲ್ಲಗೆ ಕೇಳಿದಳು: "ಅಪ್ಪನ ಮರ ಕಣ್ರಿ. ಎಂತ ಹಾಕಿದ್ರಿ ಅದಕ್ಕೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ನೋಡ್ತೀನಿ" ಎಂದು ಫೋನಿಟ್ಟು ಅಂಗಳಕ್ಕಿಳಿದೆ. ಕುಂಡದ ಅಂಟುಮಣ್ಣನ್ನೆಲ್ಲ ತೆಗೆದು ಹುತ್ತದ ಮಣ್ಣಿನ ಚೀಲಕ್ಕೇ ಸುರಿದೆ. ಬೇರುಗಳನ್ನು ಎಳೆಎಳೆಯಾಗಿ ತೊಳೆದು, ಶಾರದೆಯ ಹರಳಿಗೆ ಒಂದಿಷ್ಟು ಎಲೆಗೊಬ್ಬರ ಸೇರಿಸಿ ಮರವನ್ನು ಮತ್ತೆ ಕೂರಿಸಿದೆ. ಒಂದು ಚೊಂಬು ನೀರು ಹೊಯ್ದು ಉಸಿರು ಬಿಗಿಹಿಡಿದು ಬಗ್ಗಿದೆ. ನೀರು ಸರ್ರನೆ ಇಳಿದು ಕೆಳಗಿನ ತೂತಿನಿಂದ ಹೊರಗೆ ಬಂತು. ಅಷ್ಟು ಚಂದದ ದೃಶ್ಯವನ್ನು ನಾನು ಜೋಗದಲ್ಲೂ ನೋಡಿಲ್ಲ.

ಉಳಿದದ್ದು ಹುತ್ತದ ಮಣ್ಣು. ಅದನ್ನು ಮನೆಯಲ್ಲಿಟ್ಟುಕೊಂಡು ಮಲಗುವ ಧೈರ್ಯ ನನಗಿರಲಿಲ್ಲ. ತಂದಲ್ಲೇ ಹಾಕಿಬಿಡುವುದು ಪರಿಸರದ ದೃಷ್ಟಿಯಿಂದ ಒಳ್ಳೆಯದು ಎಂಬ ವೈಜ್ಞಾನಿಕ ಕಾರಣ ಹುಡುಕಿಕೊಂಡು, ಅಂಗಳದ ಮೂಲೆಯ ಚೀಲವನ್ನು ಸ್ಕೂಟರಿಗೇರಿಸಿ ಹೊರಟೆ. ಹುತ್ತದ ಮೇಲೆ ಕುಂಕುಮ ಇತ್ತು. ನಾನು ಅಗೆದ ದಿನವೇ ಇತ್ತೋ, ಆಮೇಲೆ ಯಾರಾದರೂ ಹಚ್ಚಿದರೋ, ದೇವರಾಣೆ ಗೊತ್ತಿಲ್ಲ. ಮುಖ ಆಚೆ ತಿರುಗಿಸಿಕೊಂಡು ಒಂದೇ ಏಟಿಗೆ ಸುರಿದು, ಹಿಂದೆ ನೋಡದೆ ಸ್ಕೂಟರು ಓಡಿಸಿದೆ. ಕೈ ಮುಗಿದೆನೇ ಎಂದು ಕೇಳಬೇಡಿ, ನನಗೆ ನೆನಪಿಲ್ಲ.

ಶಾರದೆ ಬಂದಳು. ಬ್ಯಾಗನ್ನು ಕೆಳಗಿಡದೆಯೇ ಬೋಳು ಅರಳಿಯ ಮುಂದೆ ನಿಂತು, ಕಾಂಡದ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದಳು. ಒಳಗೆ ಹಸಿರು.

"ಜೀವ ಇದೆ" ಎಂದಳು. ಕಣ್ಣೊರೆಸಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮನ್ನ ನೋಡಿ ಹೆದ್ರಿ ಎಲೆ ಉದುರಿಸಿದೆ ಅಷ್ಟೆ" ಎಂದಳು. ನಾನು ಎಷ್ಟೋ ದಿನದ ಮೇಲೆ ನಕ್ಕೆ.

ಕಾಫಿ ಕುಡಿದು ಅವಳು ಉಳಿದ ಕುಂಡಗಳಿಗೂ ಮಣ್ಣು ಬದಲಿಸಲು ಕೂತಳು. ಮೂಲೆಯ ಚೀಲ ಬಿಚ್ಚಿ ಕೈಹಾಕಿ, ಒಂದು ಮುದ್ದೆ ಹಿಂಡಿ ನೋಡಿದಳು. "ಇದೆಂತದ್ರೀ ಅಂಟುಮಣ್ಣು? ನನ್ನ ಹರಳೆಲ್ಲಿ?"

ಹರಳಿನದೂ ಹುತ್ತದ ಮಣ್ಣಿನದೂ ಎರಡೂ ಹಳೆಯ ಗೊಬ್ಬರದ ಚೀಲಗಳು, ಒಂದೇ ಬಣ್ಣದವು. ನಡೆದದ್ದು ನನಗೆ ನಿಧಾನವಾಗಿ ಹೊಳೆಯಿತು. ಎಲ್ಲವನ್ನೂ ಹೇಳಿದೆ. ಶಾರದೆ ಕೈಯ ಮಣ್ಣು ಒರೆಸಿಕೊಂಡು ಎದ್ದಳು.

"ಬೇಸಿಗೆಯಿಡೀ ಕುಟ್ಟಿದ್ದನ್ನ ನಾಗಪ್ಪನ ತಲೆ ಮೇಲೆ ಸುರಿದು ಬಂದ್ರಾ? ಹೋಗಿ, ವಾಪಸ್ ತುಂಬ್ಕೊಂಡ್ ಬನ್ನಿ."

"ಹುತ್ತದ ಮೇಲಿಂದಾ?"

"ಮತ್ತೆಲ್ಲಿಂದ? ನೀವು ನಂಬೋರಲ್ವಲ್ಲ, ಹೆದ್ರಿಕೆ ಎಂತದು?"

ಅವಳು ಒಂದು ಖಾಲಿ ಚೀಲ ಕೊಡವಿ ಕೈಗೆ ಕೊಟ್ಟಳು. ನಾನು ಸ್ಕೂಟರಿನ ಹತ್ತಿರ ನಿಂತಿದ್ದೇನೆ. ಹೊರಡುವ ಮೊದಲು ಗ್ಯಾಸ್ ಆರಿದೆಯೇ ಎಂದು ಒಮ್ಮೆ ನೋಡಿಕೊಂಡು ಬರುವುದು ಒಳ್ಳೆಯದು ಎಂದು, ಈಗಾಗಲೇ ನಾಲ್ಕು ಸಲ ಒಳಗೆ ಹೋಗಿ ಬಂದೆ.