ಐದು ಗಂಟೆಗೆ ಬೇಕಾದ ಕಿರುಚಾಟ

ಬಾಗಿಲು ಕಿರ್ರೆಂದರೂ ಯಾರೂ ಹೆದರಲಿಲ್ಲ. ಸದ್ದಣ್ಣನ ಗ್ರಹಚಾರ ಶುರುವಾದದ್ದೇ ಅಲ್ಲಿಂದ. ಥ್ರಿಲ್ಲರ್ ಸಿನಿಮಾಗಳಿಗೆ ಸದ್ದು ಕೂರಿಸುವುದು ಅವನ ಕಸುಬು, ಹೆಸರು ಅಕ್ಕಪಕ್ಕದವರು ಇಟ್ಟದ್ದು. ಬೆಳಿಗ್ಗೆಯೇ ನಿರ್ದೇಶಕರ ಫೋನು ಬಂತು.

"ನಿನ್ನ ಬಾಗಿಲು ಕೇಳಿ ಜನ ಆಕಳಿಸ್ತಾರೆ ಕಣಯ್ಯ! ಸಂಜೆ ಐದು ಗಂಟೆಯೊಳಗೆ ಮೈ ಜುಮ್ಮೆನ್ನೋ ಕಿರುಚಾಟ ಒಂದು ತಗೊಂಡ್ಬಾ. ಇಲ್ದಿದ್ರೆ ಮುಂದಿನ ಚಿತ್ರಕ್ಕೆ ಬೇರೆಯವ್ರನ್ನ ನೋಡ್ಕೋತೀನಿ."

ಹೆಂಡತಿ ಕೆಲಸಕ್ಕೆ ಹೋದದ್ದೇ ತಡ, ಸದ್ದಣ್ಣ ಮೈಕು ಜೋಡಿಸಿದ. ಮೊದಲು ಕೈ ಪಳಗಲೆಂದು, ಮೂಳೆಯ ಸದ್ದಿಗೆ ಕ್ಯಾರೆಟ್ಟನ್ನು ಲಟಕ್ಕೆಂದು ಮುರಿದ, ಚೂರಿ ಇರಿತಕ್ಕೆ ಒದ್ದೆ ಟವಲನ್ನು ಚಚ್ಚಿದ. ಆಮೇಲೆ "ಅಯ್ಯೋ, ಕೊಲ್ಲಬೇಡ!" ಎಂದು ಹನ್ನೊಂದು ಸಲ ಕಿರುಚಿದ. ಹನ್ನೊಂದೂ ಹಲ್ಲುನೋವಿನವನ ನರಳಾಟದಂತಿದ್ದವು.

ಅಷ್ಟರಲ್ಲಿ ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ಟರರೂ ಎದುರುಮನೆಯ ಟೈಲರ್ ಅಕ್ಕನೂ ಬಾಗಿಲು ತಳ್ಳಿದರು. ಹಾಡಹಗಲಲ್ಲೂ ಸಿನಿಮಾದವರ ಹಾಗೆ ತುದಿಗಾಲಲ್ಲಿ, ಗೋಡೆಗೆ ಬೆನ್ನು ಹಚ್ಚಿಕೊಂಡೇ ಒಳಬಂದರು.

"ಪೊಲೀಸ್ರಿಗೆ ಫೋನ್ ಮಾಡ್ಲಾ ಸಾರ್?" ಅಕ್ಕ ಪಿಸುಗುಟ್ಟಿದಳು.

"ಸುಮ್ನಿರಮ್ಮ, ಅವ್ರು ಕೊನೇಲಿ ತಾನೇ ಬರೋದು! ನಂಗೆ ಮೊದ್ಲೇ ಅನುಮಾನ ಇತ್ತು. ಇಷ್ಟು ಸಾಧು ಮನುಷ್ಯ ಅಂದ್ಮೇಲೆ ಕೊಲೆಗಾರ ಇವನೇ," ಎಂದರು ಹೆಡ್‌ಮಾಸ್ಟರರು.

ಸದ್ದಣ್ಣ ಟವಲು ತೋರಿಸಿ ವಿಷಯ ಬಿಡಿಸಿ ಹೇಳಿದ. ಹೆಣವಿಲ್ಲವೆಂದು ತಿಳಿದು ಇಬ್ಬರ ಮುಖವೂ ಬಾಡಿತು.

"ಹೋಗ್ಲಿ, ನಾನೇ ಕಿರುಚ್ತೀನಿ ಬಿಡಿ," ಎಂದು ಅಕ್ಕ ಮೈಕಿನತ್ತ ನಡೆದವಳು ಕ್ಯಾರೆಟ್ ತುಂಡಿನ ಮೇಲೆ ಕಾಲಿಟ್ಟಳು. ಜಾರಿ ಬೀಳುತ್ತ ಅವಳು ಹೊರಡಿಸಿದ ಕೂಗಿಗೆ ಹೆಡ್‌ಮಾಸ್ಟರರ ಕನ್ನಡಕವೇ ಕಳಚಿತು. ಮೈಕು ಆನ್ ಆಗಿಯೇ ಇತ್ತು! ಸದ್ದಣ್ಣ ಅವಳನ್ನು ಎಬ್ಬಿಸಿ ಕೂರಿಸಿ, ಕೈಮುಗಿದು, ಸ್ಟುಡಿಯೋಗೆ ಓಡಿದ.

ಕೇಳಿದ ನಿರ್ದೇಶಕರ ಕೈಯ ರೋಮ ನಿಮಿರಿತು. "ಅದ್ಭುತ! ಆದ್ರೆ ಬೇಡ ಕಣಯ್ಯ."

"ಯಾಕೆ ಸಾರ್?"

"ಮಧ್ಯಾಹ್ನ ಯೋಚನೆ ಬದಲಾಯ್ತು. ಈಗೆಲ್ಲ ಕೊಲೆ ಸದ್ದಿಲ್ದೆ ನಡೆದ್ರೇನೇ ಸಸ್ಪೆನ್ಸು. ಖಾಲಿ ಮನೆಯ ಮೌನ ಒಂದೇ ಒಂದು ನಿಮಿಷ ಬೇಕು, ಆರು ಗಂಟೆಯೊಳಗೆ ರೆಕಾರ್ಡ್ ಮಾಡಿ ತಾ. ಅದೂ ಆಗದಿದ್ರೆ ನೀನು ಬರೋದೇ ಬೇಡ."

ಸುಮ್ಮನಿರುವುದಕ್ಕೇನು ಕಷ್ಟ ಎಂದುಕೊಂಡು ಸದ್ದಣ್ಣ ಹಗುರಾಗಿ ಮನೆಗೆ ಬಂದ. ಮೆಟ್ಟಿಲ ತುಂಬ ಜನ ಸಾಲುಗಟ್ಟಿ ನಿಂತಿದ್ದರು. ಟೈಲರ್ ಅಕ್ಕನ ಕೂಗು ಸಿನಿಮಾಕ್ಕೆ ಹೋದ ಸುದ್ದಿ ನಾಲ್ಕೂ ಮಹಡಿಗೆ ಹಬ್ಬಿ, ತಮ್ಮದೂ ಒಂದಿರಲಿ ಎಂದು ಒಬ್ಬೊಬ್ಬರೂ ಕಿರುಚಿ ಕಿರುಚಿ ಗಂಟಲಿಗೆ ಸಾಣೆ ಹಿಡಿಯುತ್ತಿದ್ದರು.

ಸದ್ದಣ್ಣ ತಲೆ ಹಿಡಿದುಕೊಂಡು ಎದೆಯೊಡೆಯುವಂತೆ ಕಿರುಚಿದ.

"ಪರವಾಗಿಲ್ಲ, ಸುಧಾರಿಸಿದ್ದೀಯ," ಎಂದರು ಹೆಡ್‌ಮಾಸ್ಟರರು. "ಆದ್ರೆ ಸಾಲು ಮುರೀಬೇಡಪ್ಪ, ಹಿಂದೆ ಹೋಗಿ ನಿಂತ್ಕೋ."