ಸೀಸದ ವಯಸ್ಸು ಹೇಳುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ನನ್ನ ವಯಸ್ಸು ಗೊತ್ತಿಲ್ಲ. ಇಪ್ಪತ್ತೆರಡೋ ಇಪ್ಪತ್ತೆಂಟೋ ಎಂದು ಇವತ್ತಿಗೂ ತಡವರಿಸುತ್ತಾರೆ. ಆದರೆ ಮಣ್ಣಿನಲ್ಲಿ ಸಿಕ್ಕಿದ ಸೀಸದ ಚೂರೊಂದನ್ನು ಕೈಗಿಡಿ. ಉಗುರಿನಿಂದ ಗೀರಿ, ಮೇಲೆ ಕಟ್ಟಿದ ಬಿಳಿ ಪೊರೆ ನೋಡಿ, ನಾಲಿಗೆಗೊಮ್ಮೆ ಮುಟ್ಟಿಸಿ (ಬೇಡ ಎಂದು ಹೇಳಿ ಹೇಳಿ ಡಾಕ್ಟರು ಸುಸ್ತಾಗಿದ್ದಾರೆ) ಅದರ ಜಾತಕವನ್ನೇ ಓದಿಬಿಡುತ್ತಾರೆ.

ಒಮ್ಮೆ ಬ್ಯಾಕೋಡಿನವರೊಬ್ಬರು ಹಿನ್ನೀರು ಇಳಿದಾಗ ಸಿಕ್ಕ ಸೀಸದ ಮಣಿಯನ್ನು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಯಾವುದೋ ರಾಣಿಯ ಸರದ್ದಿರಬೇಕು ಎಂಬ ಆಸೆ.

"ಬಲೆಗೆ ಕಟ್ಟೋ ಸೀಸ ಮಾರಾಯ್ರೆ. ನಿಮ್ಮ ಅಜ್ಜನ ಕಾಲದ್ದು. ರಾಣಿ ಬಲೆ ಬೀಸ್ತಿದ್ಲಾ?"

ನಾನೇನು ಕಡಿಮೆಯೇ? ಅಂಗಳದ ಮೂಲೆಯಲ್ಲಿ ಅಕ್ಷರವಿದ್ದ ಸೀಸದ ಬಿಲ್ಲೆ ಸಿಕ್ಕಿದ್ದೇ ತಡ, ಕೆಳದಿ ಅರಸರ ಮುದ್ರೆ ಎಂದು ಸ್ಟೇಟಸ್ ಹಾಕಿದೆ.

"ಅದು ಕರೆಂಟ್ ಮೀಟರಿನ ಸೀಲ್ ಕಣಾ," ಎಂದರು ಚಿಕ್ಕಪ್ಪ. "ನಮ್ಮನೇದೇ. ಮೀಟರ್ ನೋಡೋನು ಬರೋದ್ರೊಳಗೆ ಸ್ಟೇಟಸ್ ತೆಗಿ."

ಈ ವಿದ್ಯೆ ಎಲ್ಲಿಂದ ಬಂತು ಎಂದು ಜನ ಕೇಳುತ್ತಾರೆ. ಅದು ನಗುತ್ತ ಹೇಳುವ ಕತೆಯಲ್ಲ. ನಾನಿನ್ನೂ ತೊದಲು ಮಾತಾಡುತ್ತಿದ್ದಾಗ ಮನೆಯವರು ಅರಳಸುರಳಿ ಕಡೆಯ ಗುಡ್ಡಕ್ಕೆ ಕದ್ದು ಹಂದಿ ಬೇಟೆಗೆ ಹೋಗಿದ್ದರು. ಪೊದೆ ಅಲ್ಲಾಡಿತು. ಚಿಕ್ಕಪ್ಪ ಮತ್ತು ಅವರ ಸ್ನೇಹಿತ ಒಟ್ಟಿಗೇ ಕೋವಿ ಹಾರಿಸಿದರು. ಪೊದೆಯಲ್ಲಿದ್ದದ್ದು ನನ್ನ ಅಪ್ಪ. ಮೈಗೆ ಹೊಕ್ಕ ಗುಂಡು ಒಂದೇ. ಇನ್ನೊಂದು ಗುಡ್ಡದ ಮಣ್ಣಿಗೆ ಹೋಯಿತು. ಕೇಸಾಗುತ್ತದೆಂದು ಹೆದರಿ, ಮರದಿಂದ ಬಿದ್ದ ಎಂದು ಊರಿಗೆ ಹೇಳಿ, ಸಂಜೆಯೊಳಗೆ ಸುಟ್ಟುಬಿಟ್ಟರು. ಚಿತೆಯ ಬೆಂಕಿಗೆ ಸೀಸ ಎಷ್ಟು ಹೊತ್ತು ತಡೆದೀತು? ಅಪ್ಪನೊಳಗಿದ್ದದ್ದು ಕರಗಿ ಬೂದಿಗೆ ಸೇರಿತು.

ಅವರವರ ಗುಂಡನ್ನು ಅವರವರೇ ಅಚ್ಚಿನಲ್ಲಿ ಎರೆದುಕೊಳ್ಳುತ್ತಿದ್ದರು. ಚಿಕ್ಕಪ್ಪನ ಅಚ್ಚಿನಲ್ಲಿ ಸಣ್ಣ ಸೀಳಿತ್ತು. ಅವರ ಗುಂಡಿನ ಮೇಲೆ ಕೂದಲಿನಂಥ ಉಬ್ಬುಗೆರೆ, ಒಂದು ಏಣು, ಬೀಳುತ್ತಿತ್ತು. ಆ ಏಣಿರುವ ಗುಂಡು ಗುಡ್ಡದಲ್ಲಿ ಸಿಕ್ಕರೆ ಅಣ್ಣನನ್ನು ಕೊಂದದ್ದು ತಾನಲ್ಲ. ಏಣಿಲ್ಲದ್ದು ಸಿಕ್ಕರೆ ತಾನೇ. ಇಪ್ಪತ್ತು ವರ್ಷದಿಂದ ಅಗೆಯುತ್ತಿದ್ದಾರೆ. ಸಿಕ್ಕಿದ ಸೀಸವನ್ನೆಲ್ಲ ನೋಡಿ ನೋಡಿ ವಿದ್ಯೆ ಬಂತು, ಆ ಗುಂಡು ಮಾತ್ರ ಸಿಕ್ಕಿಲ್ಲ.

ಈ ವರ್ಷ ನಾನು ಬುದ್ಧಿವಂತನಾದೆ. ಅಟ್ಟದಲ್ಲಿ ಆ ಅಚ್ಚನ್ನು ಹುಡುಕಿ, ತೀರ್ಥಹಳ್ಳಿಯಲ್ಲಿ ಬಲೆಯ ಸೀಸ ಕೊಂಡು, ಅಮ್ಮನ ಒಗ್ಗರಣೆ ಸೌಟಿನಲ್ಲಿ ಕರಗಿಸಿ ಎರೆದೆ. ಸೌಟು ಹೋಯಿತು, ಮೂರು ದಿನ ಬೈಗುಳದ ಊಟ. ವಿನೆಗರ್ ಸವರಿ ಸಗಣಿ ಗುಂಡಿಯಲ್ಲಿ ಹತ್ತು ದಿನ ಹೂತಿಟ್ಟಾಗ ಬಿಳಿ ಪೊರೆಯೂ ಬಂತು. ಚಿಕ್ಕಪ್ಪ ಮರುದಿನ ಅಗೆಯಲಿದ್ದ ಜಾಗದಲ್ಲಿ ಅದನ್ನು ಹುಗಿದು, ಅವರ ಜೊತೆ ಹೋಗಿ ಮಳ್ಳನಂತೆ ನಿಂತೆ.

ಸಿಕ್ಕಿತು. ಏಣಿನ ಮೇಲೆ ಅವರ ಹೆಬ್ಬೆರಳು ನಿಂತಿತು. ಗುದ್ದಲಿ ಬಿಟ್ಟು ಅಲ್ಲೇ ಕೂತರು. ಉಗುರಿನಿಂದ ಗೀರಿ, ಮೂಸಿ ನೋಡಿದರು.

"ಕೋವಿಯಿಂದ ಹಾರಿ ಕಲ್ಲುಮಣ್ಣಿಗೆ ಹೊಡೆದ ಗುಂಡು ಇಷ್ಟು ಉರುಟಾಗಿ ಇರ್ತದೇನಾ?" ಎಂದರು. "ಹತ್ತು ಹನ್ನೊಂದು ದಿನದ್ದು. ಸಗಣಿ ವಾಸನೆ ಬೇರೆ."

ಎಂಥ ತಲೆ ನನ್ನದು! ಸುತ್ತಿಗೆಯಲ್ಲಿ ಒಂದು ಪೆಟ್ಟು ಹಾಕಬೇಕೆಂದು ಹೊಳೆದೇ ಇರಲಿಲ್ಲ.

"ಈ ಗುಂಡು ನಿಮ್ದೇ ಅಂತ ಇಟ್ಕಳಿ ಚಿಕ್ಕಪ್ಪ," ಎಂದೆ. "ಅಪ್ಪನ ಮಗ ನಾನೇ ಹೇಳ್ತಿದೀನಲ್ಲ."

ಅವರು ಗುಂಡಿನ ಕಡೆ ಮತ್ತೆ ನೋಡಲಿಲ್ಲ. "ಸೀಸ ಕಾಸೋಕೆ ಯಾರು ಹೇಳ್ಕೊಟ್ರು ನಿಂಗೆ? ಕೈ ತೋರ್ಸು."

ಬೆರಳ ತುದಿಯಲ್ಲಿ ಬೊಬ್ಬೆ ಒಡೆದು, ಒಣಗಿ, ಕಪ್ಪಾಗಿತ್ತು. ಅಷ್ಟು ಹಳೆಯ ಗಾಯಕ್ಕೆ ಯಾರಾದರೂ ಊದುತ್ತಾರೆಯೇ? ಚಿಕ್ಕಪ್ಪ ಊದುತ್ತಲೇ ಇದ್ದರು. ನಾನು ಕೈ ಎಳೆದುಕೊಳ್ಳಲಿಲ್ಲ.